ಒಪ್ಪಿಸುವ ಮಕ್ಕಳು, ಕೇಳದ ಕಿವಿಗಳು

ಶಾಲೆಗಳ ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಹೋಗಿ ಕುಳಿತವರಿಗೆಲ್ಲ ಈ ನೋಟ ಪರಿಚಿತ. ವಿಷಯ, 'ವಿಜ್ಞಾನ ವರವೋ ಶಾಪವೋ'. ಒಬ್ಬಳು ಬಂದು ವರ ಎನ್ನುತ್ತಾಳೆ, ಇನ್ನೊಬ್ಬ ಬಂದು ಶಾಪ ಎನ್ನುತ್ತಾನೆ. ಇಬ್ಬರೂ ಮೇಷ್ಟ್ರು ಬರೆದುಕೊಟ್ಟದ್ದನ್ನು ಒಪ್ಪಿಸುತ್ತಾರೆ. ಅವಳ ಮಾತಿಗೆ ಇವನು ಉತ್ತರ ಕೊಡುವುದಿಲ್ಲ; ಕೊಡಬೇಕಾದರೆ ಮೊದಲು ಕೇಳಿಸಿಕೊಂಡಿರಬೇಕಲ್ಲ! ತನ್ನ ಸರದಿ ಬರುವವರೆಗೂ ಅವನ ತುಟಿ ತನ್ನ ಪಾಠವನ್ನೇ ಗುನುಗುತ್ತಿರುತ್ತದೆ. ನಡುವೆ ಒಂದು ವಾಕ್ಯ ಮರೆತರೆ ಕಣ್ಣು ತುಂಬಿಕೊಂಡು ವೇದಿಕೆ ಇಳಿಯುತ್ತಾನೆ. ನಮ್ಮ ಕೈಗೆ ಕೊಟ್ಟ ಅಂಕಪಟ್ಟಿಯಲ್ಲಿ ಉಚ್ಚಾರಕ್ಕೆ, ಹಾವಭಾವಕ್ಕೆ, ಸಮಯಪಾಲನೆಗೆ ಜಾಗವಿರುತ್ತದೆ. ಎದುರಾಳಿಗೆ ಕೊಟ್ಟ ಉತ್ತರಕ್ಕೆ ಎಷ್ಟೋ ಕಡೆ ಒಂದು ಕಾಲಂ ಕೂಡ ಇರುವುದಿಲ್ಲ.

ಇದನ್ನು ಚರ್ಚೆ ಎಂದು ಕರೆಯುವುದು ತಪ್ಪು. ಹೇಳಿಕೆ, ಅದಕ್ಕೊಂದು ಕಾರಣ, ಕಾರಣಕ್ಕೊಂದು ಆಧಾರ - ಮಕ್ಕಳು ಕಲಿಯಬೇಕಾದದ್ದು ಇಷ್ಟೇ. 'ಮಕ್ಕಳು ಕಡಿಮೆಯಿರುವ ಹಳ್ಳಿಯ ಶಾಲೆಯನ್ನು ಮುಚ್ಚಬಾರದು' ಎಂದು ಹುಡುಗಿಯೊಬ್ಬಳು ಹೇಳಲಿ. ಯಾಕೆಂದು ಮೇಷ್ಟ್ರು ಕೇಳಲಿ. ಪಕ್ಕದೂರಿನ ಶಾಲೆಗೆ ಬಸ್ಸಿಲ್ಲ, ಹೆಣ್ಣುಮಕ್ಕಳನ್ನು ಮನೆಯಲ್ಲೇ ಕೂರಿಸುತ್ತಾರೆ ಎಂಬುದು ಕಾರಣ. ಹಾಗೆ ಓದು ಬಿಟ್ಟವರು ಎಷ್ಟು ಮಂದಿ ಎಂದು ಕೇಳಿದರೆ ಅವಳು ಓಣಿಯಲ್ಲಿ ಎಣಿಸಿಕೊಂಡು ಬರಬೇಕು. ಅಷ್ಟರಲ್ಲಿ ಎದುರಿನವನು, 'ಐದು ತರಗತಿಗೆ ಒಬ್ಬರೇ ಟೀಚರಿದ್ದರೆ ಕಲಿಯುವುದೇನು?' ಎನ್ನುತ್ತಾನೆ. ಆ ಪ್ರಶ್ನೆಯಲ್ಲಿ ಸತ್ಯವಿದೆ. ಅದನ್ನು ಒಪ್ಪಿಕೊಂಡೂ ತನ್ನ ಮಾತನ್ನು ಉಳಿಸಿಕೊಳ್ಳುವುದು ಹೇಗೆಂದು ಯೋಚಿಸತೊಡಗಿದಾಗಲೇ ಅವಳಿಗೆ ವಾದ ಶುರುವಾಗುವುದು.

ನಮ್ಮ ಮದರಸಾಗಳ ದರ್ಸೆ ನಿಜಾಮಿ ಪಠ್ಯಕ್ರಮದಲ್ಲಿ 'ಮುನಾಜರಾ' ಎಂಬುದೊಂದು ಬೇರೆಯೇ ವಿಷಯವಾಗಿತ್ತು. ಅದಕ್ಕೆ 'ರಶೀದಿಯಾ' ಎಂಬ ಗ್ರಂಥವನ್ನು ಓದಿಸುತ್ತಿದ್ದರು. ಪ್ರಶ್ನಿಸುವವನಿಗೆ ಅಲ್ಲಿ ಮೂರು ದಾರಿ: ನಿನ್ನ ಆಧಾರಕ್ಕೆ ಪುರಾವೆ ಕೊಡು ಎನ್ನಬಹುದು, ನಿನ್ನ ತರ್ಕದಲ್ಲೇ ದೋಷವಿದೆ ಎಂದು ತೋರಿಸಬಹುದು, ಇಲ್ಲವೇ ವಿರುದ್ಧ ಪುರಾವೆ ತರಬಹುದು. ದನಿ ಏರಿಸುವುದು ಈ ಮೂರರಲ್ಲಿ ಇಲ್ಲ. (ಧ್ವನಿವರ್ಧಕ ಕಟ್ಟಿ ನಡೆಸುವ ಪಂಗಡಗಳ ಮುನಾಜರಾಗಳ ಮಾತು ಬೇರೆ. ಅಲ್ಲಿ ಎರಡೂ ಕಡೆಯವರು ಗೆದ್ದೇ ಮನೆಗೆ ಹೋಗುತ್ತಾರೆ.)

1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಂಬೇಡ್ಕರರ ಭಾಷಣವನ್ನು ರದ್ದು ಮಾಡಿದಾಗ ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದನ್ನು ಟೀಕಿಸಿದರು. 1937ರ ಎರಡನೇ ಮುದ್ರಣದಲ್ಲಿ ಅಂಬೇಡ್ಕರರು ಆ ಟೀಕೆಯನ್ನೂ ಸೇರಿಸಿ, ಜೊತೆಗೆ ತಮ್ಮ ಉತ್ತರವನ್ನಿಟ್ಟರು. ಎದುರಾಳಿಯ ಮಾತಿಗೆ ತಮ್ಮದೇ ಪುಸ್ತಕದಲ್ಲಿ ಜಾಗ ಕೊಟ್ಟ ಈ ಸಂಗತಿಯನ್ನು ಎಂಟನೇ ತರಗತಿಯವರಿಗೆ ಹೇಳಿದರೆ ಸಾಕು, ವಾದದ ಅರ್ಧ ಪಾಠ ಮುಗಿದಂತೆ.

ಇನ್ನೊಂದು ಮಾತು. ನಾವು ಕಂಡ ಹಲವು ಶಾಲೆಗಳಲ್ಲಿ ಮುಸ್ಲಿಂ ಮಗುವಿಗೆ ಸಿಗುವ ವಿಷಯ ಭಾವೈಕ್ಯ. ಬರದ ಬಗ್ಗೆ, ಪರೀಕ್ಷೆಯ ಬಗ್ಗೆ, ಕೆರೆಯ ಬಗ್ಗೆ ಅವಳಿಗೂ ಹೇಳುವುದಿರಬಹುದು ಎಂದು ಯಾರಿಗೂ ತೋಚುವುದಿಲ್ಲ. ತನ್ನ ನಿಷ್ಠೆಗೆ ಸಾಕ್ಷಿ ಹೇಳುವವಳಂತೆ ಆಕೆ ಮೈಕಿನ ಮುಂದೆ ನಿಲ್ಲುತ್ತಾಳೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ವಿಷಯವನ್ನೂ ಪಕ್ಷವನ್ನೂ ಚೀಟಿ ಎತ್ತಿ ಕೊಡಲಿ. 'ಮಗಳ ಬಾಯಲ್ಲಿ ಸುಳ್ಳು ಹೇಳಿಸುತ್ತೀರಾ' ಎಂದು ತಂದೆತಾಯಿ ಜಗಳಕ್ಕೆ ಬಂದರೆ ಬರಲಿ. ಅವರನ್ನೂ ಕೂರಿಸಿಕೊಂಡು ಒಂದು ಸುತ್ತು ಕೇಳಿಸಬಹುದು.