ಹೆಸರು ಬರೆಯಲು ಬಿಟ್ಟ ಜಾಗ

ಹಬ್ಬದ ಶುಭಾಶಯ ಪತ್ರವನ್ನು ತಾವೇ ಚಿತ್ರಿಸಿ ಕಳುಹಿಸುವ ಹವ್ಯಾಸ ಇಂದು ಕುಂಚವನ್ನು ಬಿಟ್ಟು ಟ್ಯಾಬ್ಲೆಟ್ಟಿನ ಪೆನ್ನನ್ನು ಹಿಡಿದಿದೆ. ಕ್ರಿಟಾದಂಥ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಜಲವರ್ಣ, ತೈಲವರ್ಣ, ಪೆನ್ಸಿಲ್ ಗೆರೆ ಎಲ್ಲವೂ ಬೆರಳ ತುದಿಯಲ್ಲಿವೆ. ಹೀಗೆ ಮೂಡುವ ಚಿತ್ರಗಳನ್ನು ನಾವು ಹೇಗೆ ಬೆಲೆಗಟ್ಟಬೇಕು?

ಯಂತ್ರದ ನೆರವು ಪಡೆದುದೇ ದೋಷವೆನ್ನಲಾಗದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದರಿಂದ ಬರೆಯಿಸಿದ ಮೊದಲ ಕ್ರಿಸ್ಮಸ್ ಕಾರ್ಡು ಕೂಡ ಕಲ್ಲಚ್ಚಿನಲ್ಲಿ ಮುದ್ರಣಗೊಂಡು, ಅನಂತರ ಕೈಯಿಂದ ಬಣ್ಣ ತುಂಬಿಸಿಕೊಂಡದ್ದು. ನಡುವೆ ಔತಣಕ್ಕೆ ಕುಳಿತ ಕುಟುಂಬ. ಇಕ್ಕೆಲಗಳಲ್ಲಿ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ದೃಶ್ಯಗಳು. ಮಗುವಿನ ತುಟಿಗೆ ದ್ರಾಕ್ಷಾರಸದ ಲೋಟ ಹಿಡಿದುದನ್ನು ಅಂದಿನ ಮದ್ಯವಿರೋಧಿಗಳು ಖಂಡಿಸಿದರು. ಆದರೆ ಆ ಕಾರ್ಡಿನಲ್ಲಿ ನಾವು ಗಮನಿಸಬೇಕಾದುದು ಬೇರೊಂದಿದೆ: ಯಾರಿಗೆ, ಯಾರಿಂದ ಎಂದು ಕೈಯಾರೆ ಬರೆಯಲು ಬಿಟ್ಟ ಖಾಲಿ ಜಾಗ. ಅಚ್ಚಿನ ಪ್ರತಿಗಳೆಲ್ಲ ಒಂದೇ ಆಗಿದ್ದರೂ, ಆ ಜಾಗ ತುಂಬಿದೊಡನೆ ಅದು ಒಬ್ಬರಿಗಷ್ಟೇ ಸಲ್ಲುವ ಪತ್ರವಾಯಿತು.

ಇಂದಿನ ಚಿತ್ರಗಳಲ್ಲಿ ಹಲವು ಸೋಲುವುದು ಇಲ್ಲಿಯೇ. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಚಿತ್ರ ಸೌಲಭ್ಯ ಬಂದೊಡನೆ, ಲೋಕದ ನಾನಾ ಕಡೆ ಜನರು ತಮ್ಮ ಮನೆಯವರ ಫೋಟೋಗಳನ್ನು ಜಪಾನಿನ ಸ್ಟುಡಿಯೊ ಘಿಬ್ಲಿಯ ಶೈಲಿಗೆ ಮಾರ್ಪಡಿಸಿದರು. ಮೊದಲ ನೋಟಕ್ಕೆ ಅವು ಮುದ್ದಾಗಿದ್ದವು. ಆದರೆ ಅಜ್ಜಿಯ ಹಣೆಯ ಸುಕ್ಕು, ತಮ್ಮನ ಓರೆ ನಗೆ ಅಳಿಸಿಹೋಗಿ ಎಲ್ಲರ ಮನೆಯವರೂ ಒಂದೇ ತಾಯಿಯ ಮಕ್ಕಳಂತೆ ಕಂಡರು. ಆ ಸ್ಟುಡಿಯೊದ ಕಲಾವಿದರು ಹಾಳೆಯ ಮೇಲೆ ಹಾಳೆ ಕೈಯಲ್ಲೇ ಬರೆದು ಗಳಿಸಿದ ಶೈಲಿ ನಮಗೆ ಹೊದಿಕೆಯಾಗಿ ಮಾತ್ರ ಒದಗಿತು.

ಶೈಲಿಯೆಂಬುದು ನೋಟದಿಂದ ಹುಟ್ಟುವಂಥದು. 1902ರಲ್ಲಿ ಗೋವೆಯಲ್ಲಿ ಜನಿಸಿದ ಆಂಜೆಲೊ ಡ ಫೊನ್ಸೆಕ ಅವರು ಶಾಂತಿನಿಕೇತನದಲ್ಲಿ ಕಲಿತು, ಮಾತೆ ಮರಿಯಮ್ಮನವರಿಗೆ ಸೀರೆಯುಡಿಸಿ ಚಿತ್ರಿಸಿದರು. ಅದು ವೇಷ ಬದಲಾಯಿಸುವ ಆಟವಾಗಿರಲಿಲ್ಲ. ತಮ್ಮ ಸುತ್ತಲಿನ ತಾಯಂದಿರ ನಿಲುವು, ನಡೆಗಳನ್ನು ಕಂಡ ಕಣ್ಣು ಅಲ್ಲಿತ್ತು. ಗೋದಲಿಯ ಮೇಲೆ ಹಿಮ ಸುರಿಸುವ ಮುನ್ನ ನಮ್ಮೂರಿನ ಹಟ್ಟಿಯನ್ನು ನಾವೊಮ್ಮೆ ನೋಡಿದ್ದೇವೆಯೇ?

ಟ್ಯಾಬ್ಲೆಟ್ಟಿನಲ್ಲಿ ಬರೆಯುವವರಿಗೂ ಇದು ಸಾಧ್ಯ. ತಪ್ಪಿದ ಗೆರೆಯನ್ನು ಅಳಿಸಬಹುದು, ಪದರದ ಮೇಲೆ ಪದರವಿಟ್ಟು ತಿದ್ದಬಹುದು. ಕೈ ಪಳಗದವರಿಗೆ ಇದು ದೊಡ್ಡ ಉಪಕಾರ. ಮುದ್ರಿಸುವುದಾದರೆ ಅಂಗುಲಕ್ಕೆ 300 ಚುಕ್ಕೆಗಳಿರಲಿ. ಪರದೆಯ ಬೆಳಕಿನಲ್ಲಿ ಹೊಳೆಯುವ ಬಣ್ಣ ಕಾಗದದ ಮೇಲೆ ಮಂಕಾಗುವುದರಿಂದ ಒಂದು ಪ್ರತಿ ತೆಗೆದು ನೋಡಿ.

ಆದರೆ ಶೈಲಿಯನ್ನು ಆರಿಸುವುದಕ್ಕೂ ಮೊದಲು ಪಡೆಯುವವರ ಹೆಸರನ್ನು ಬರೆದುಕೊಳ್ಳಿ. ಈ ವರ್ಷ ಮಗನನ್ನು ಕಳೆದುಕೊಂಡ ಮನೆಗೆ ಮಿನುಗುವ ನಕ್ಷತ್ರಮಾಲೆ ಸಲ್ಲದು. ಅಲ್ಲಿಗೆ ಒಂದು ಹಣತೆ, ಅದರ ಸುತ್ತ ವಿಶಾಲವಾದ ಖಾಲಿ ಕಾಗದ ಸಾಕು. ಆ ಕಾಗದದಲ್ಲಿ ನಿಮ್ಮ ಕೈಬರಹದ ಎರಡು ಸಾಲಿರಲಿ.