ಗ್ರೀಸ್ ತಪ್ಪಿಸುವ ತಟ್ಟೆ

ಟ್ರೇಲರ್‌ನ ಕೊಂಡಿ ಒಣಗಿದೆಯೆಂಬುದು ಮೊದಲು ಗೊತ್ತಾಗುವುದು ಡ್ರೈವರನ ಕೈಗೆ. ಬೀದರಿನ ನೌಬಾದ್ ಕಡೆ ಲೋಡು ತುಂಬಿದ ಉದ್ದನೆಯ ಟ್ರೇಲರ್ ತಿರುಗುವಾಗ ಸ್ಟಿಯರಿಂಗ್ ಬಿಗಿಯಾಗುತ್ತದೆ. ತಿರುವು ಮುಗಿದ ಮೇಲೂ ಮುಂದಿನ ಹಾರ್ಸ್, ಅಂದರೆ ಟ್ರೇಲರ್ ಎಳೆಯುವ ಲಾರಿ, ಕೂಡಲೇ ನೇರವಾಗುವುದಿಲ್ಲ. ಸ್ವಲ್ಪ ಹೊತ್ತು ಸೆಟೆದುಕೊಂಡಿದ್ದು, ಒಂದು ಜರ್ಕ್ ಕೊಟ್ಟು ದಾರಿಗೆ ಬರುತ್ತದೆ. ಬೇಸಿಗೆಯಲ್ಲಿ ಇದರಿಂದ ಮುಂದಿನ ಟೈರುಗಳ ಅಂಚು ತಿಂದುಹೋಗುತ್ತದೆ. ಮಳೆಗಾಲದಲ್ಲಿ ಅಪಾಯ ಬೇರೆ: ಚಕ್ರ ತಿರುಗಿಸಿದರೂ ಗಾಡಿ ನೇರವಾಗಿಯೇ ಜಾರಬಹುದು.

ಈ ಕಾಯಿಲೆಗೆ ಮದ್ದೆಂದು ಪ್ಲಾಸ್ಟಿಕ್ ತಟ್ಟೆಗಳು ಬಂದಿವೆ. ಉಕ್ಕಿಗೂ ಉಕ್ಕಿಗೂ ನಡುವೆ ಕೂರಿಸಿದರೆ ಮತ್ತೆ ಗ್ರೀಸ್ ಬೇಡ ಎನ್ನುವುದು ಅವುಗಳ ಭರವಸೆ. ಅದರಲ್ಲಿ ಅರ್ಧ ಮಾತ್ರ ನಿಜ ಎನ್ನುವುದು ನನ್ನ ಅಭಿಪ್ರಾಯ. ಉಳಿದರ್ಧವನ್ನು ನಂಬಿದರೆ, ಹುಮನಾಬಾದಿನ ಮೇಲೆ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಪಕ್ಕದಲ್ಲಿ ಓಡುವವರ ಜೀವಕ್ಕೂ ಸಂಚಕಾರ.

ಕೊಂಡಿಯ ರಚನೆ ಸರಳ. ಹಾರ್ಸ್‌ನ ಬೆನ್ನ ಮೇಲೆ ಲಾಳದ ಆಕಾರದ ದಪ್ಪ ಉಕ್ಕಿನ ತಟ್ಟೆ ಇರುತ್ತದೆ. ಅದೇ ಫಿಫ್ತ್ ವೀಲ್. ಟ್ರೇಲರ್‌ನ ತಳದಿಂದ ಕೆಳಗೆ ಚಾಚಿಕೊಂಡ ಕಿಂಗ್‌ಪಿನ್ ಅದರ ಸೀಳಿನಲ್ಲಿ ತೂರಿ, ಒಳಗಿನ ದವಡೆಗೆ ಸಿಕ್ಕಿಬೀಳುತ್ತದೆ. ಎಳೆತವೆಲ್ಲ ಪಿನ್ನಿನ ಮೇಲೆ, ಭಾರವೆಲ್ಲ ತಟ್ಟೆಯ ಮೇಲೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿದಾಗ ಅತಿ ದೊಡ್ಡ ಟ್ರೇಲರ್‌ಗಳ ಒಟ್ಟು ತೂಕ 49 ಟನ್‌ನಿಂದ 55 ಟನ್‌ಗೆ ಹೋಯಿತು. ಅದರಲ್ಲಿ ಹತ್ತು ಟನ್ನಿಗೂ ಮಿಕ್ಕಿ ಈ ತಟ್ಟೆಯ ಮೇಲೇ ಕೂತಿರುತ್ತದೆ. ಗಾಡಿ ಎಡಕ್ಕೆ ಬಲಕ್ಕೆ ತಿರುಗಿದಷ್ಟು ಸಲವೂ ಅಷ್ಟು ಭಾರ ಹೊತ್ತ ಎರಡು ಉಕ್ಕುಗಳು ಒಂದರ ಮೇಲೊಂದು ಉಜ್ಜಿಕೊಳ್ಳುತ್ತವೆ.

ಹಳೆಯ ಉಪಾಯ ಗ್ರೀಸ್. ಮಾಲಿಬ್ಡಿನಮ್ ಬೆರೆಸಿದ ಲಿಥಿಯಂ ಗ್ರೀಸನ್ನು ತಟ್ಟೆಯ ತೋಡುಗಳಲ್ಲಿ ತುಂಬಿ, ಮೇಲೆ ಸವರಿ, ದವಡೆಗೂ ಹಚ್ಚಿದರೆ ಕೆಲಸ ಮುಗಿಯಿತು. ಅದರಲ್ಲಿ ದೋಷವಿಲ್ಲ, ದೋಷವಿರುವುದು ನಾವು ಹಚ್ಚುವ ರೀತಿಯಲ್ಲಿ. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಮೆತ್ತುತ್ತಾರೆ. ಗ್ರೀಸ್ ಡಬ್ಬಿ ಖಾಲಿಯಿದ್ದರೆ ಎಂಜಿನ್‌ನಿಂದ ಇಳಿಸಿದ ಕರಿ ಎಣ್ಣೆಯನ್ನೇ ಸುರಿದುಬಿಡುತ್ತಾರೆ. ಬೀದರ್ ನಗರ ಕೂತಿರುವುದು ಕೆಂಪು ಮುರ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಕಪ್ಪು ಎರೆಮಣ್ಣು. ಒಂದು ಕಡೆ ಕೆಂಪು ಧೂಳು, ಇನ್ನೊಂದು ಕಡೆ ಕಪ್ಪು ಧೂಳು, ಎರಡೂ ಸೇರುವುದು ಆ ಗ್ರೀಸಿಗೇ. ಹೀಗೆ ಬಿಟ್ಟ ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ಮೊದಲು ನುಣುಪು, ಆಮೇಲೆ ಗರಗರ. ಆ ಗರಗರ ಸಾಣೆ ಹಿಡಿದಂತೆ ಉಕ್ಕನ್ನು ತೇಯುತ್ತಾ ಹೋಗುತ್ತದೆ.

ಈ ಸ್ಥಿತಿ ಕಂಡವರಿಗೆ ಪ್ಲಾಸ್ಟಿಕ್ ತಟ್ಟೆ ಆಕರ್ಷಕವಾಗಿ ಕಾಣುವುದು ಸಹಜ. ಅದು ಸಾಮಾನ್ಯ ಪ್ಲಾಸ್ಟಿಕ್ ಅಲ್ಲ, ಅತಿ ಉದ್ದ ಅಣುಸರಪಣಿಯ ಪಾಲಿಎಥಿಲೀನ್. ಸವೆತ ತಡೆಯುತ್ತದೆ, ನೀರು ಹೀರುವುದಿಲ್ಲ, ತುಕ್ಕಿನ ಮಾತೇ ಇಲ್ಲ. ಕರಗಬೇಕಾದರೆ 130 ಡಿಗ್ರಿ ದಾಟಬೇಕು, ಆದ್ದರಿಂದ ನಮ್ಮ ಮೇ ತಿಂಗಳ ಬಿಸಿಲು ಅದನ್ನು ಕರಗಿಸಲಾರದು. ಆದರೆ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬೋಲ್ಟ್ ಹಾಕಿ ಬಿಗಿಯುವ ಹಾಳೆಯ ತೂತುಗಳಲ್ಲಿ ಅದಕ್ಕೆ ಜಾಗ ಬಿಡದಿದ್ದರೆ ನಡುವೆ ಉಬ್ಬಿಕೊಳ್ಳುತ್ತದೆ.

ಜಾರುವ ಗುಣದಲ್ಲಿ ಅದು ಗ್ರೀಸಿಗಿಂತ ಮೇಲು ಎನ್ನುವುದು ಮಾತ್ರ ಸರಿಯಲ್ಲ. ಉಕ್ಕಿನ ಮೇಲೆ ಈ ಪ್ಲಾಸ್ಟಿಕ್‌ನ ಘರ್ಷಣಾಂಕ ಸುಮಾರು 0.1ರಿಂದ 0.2. ಚೆನ್ನಾಗಿ ಗ್ರೀಸ್ ಹಚ್ಚಿದ ಉಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ಒಣ ಉಕ್ಕಿನದು 0.5ಕ್ಕೂ ಹೆಚ್ಚು. ಅಂದರೆ ಶ್ರದ್ಧೆಯಿಂದ ಗ್ರೀಸ್ ಹಚ್ಚುವವನಿಗೆ ತಟ್ಟೆಯಿಂದ ಹೊಸದಾಗಿ ಸಿಗುವ ನುಣುಪು ಏನೂ ಇಲ್ಲ. ವಾರಗಟ್ಟಲೆ ಮರೆತರೂ ಒಣ ಉಕ್ಕಿನ ಗತಿ ಬಾರದಂತೆ ಅದು ಕಾಯುತ್ತದೆ. ಅದರ ನಿಜವಾದ ಯೋಗ್ಯತೆ ಇದು, ಸಣ್ಣದೇನಲ್ಲ. ನಾಂದೇಡಿನಿಂದ ಬೀದರ್, ಹುಮನಾಬಾದ್ ಹಾದು ಚಿತ್ರದುರ್ಗದವರೆಗೆ ಒಂದೇ ಓಟ ಓಡುವ ಡ್ರೈವರನಿಗೆ ಪ್ರತಿ ನಿಲುಗಡೆಯಲ್ಲೂ ಟ್ರೇಲರ್ ಬಿಚ್ಚಿ ಗ್ರೀಸ್ ಹಚ್ಚಲು ಪುರುಸೊತ್ತು ಎಲ್ಲಿದೆ?

ಆದರೆ ಯಾವ ತಟ್ಟೆ ಎಂಬ ಪ್ರಶ್ನೆ ಇದೆ. ಇಲ್ಲಿ ಎರಡು ಜಾತಿಗಳನ್ನು ಬೆರೆಸಿಬಿಡುವುದೇ ದೊಡ್ಡ ತಪ್ಪು. ಒಂದು, ಕಿಂಗ್‌ಪಿನ್ನಿಗೆ ಬಳೆಯಂತೆ ತೊಡಿಸುವ, ಸುಮಾರು ಹತ್ತು ಇಂಚು ಅಗಲದ ದುಂಡು ತಟ್ಟೆ. ಅಮೆರಿಕದಲ್ಲಿ ಮನೆಮಂದಿ ರಜೆಗೆ ಎಳೆದುಕೊಂಡು ಹೋಗುವ ವಸತಿ ಟ್ರೇಲರ್‌ಗಳಲ್ಲಿ ಅದು ಮನೆಮಾತು. ಅಲ್ಲಿ ಕೊಂಡಿಯ ಮೇಲೆ ಬೀಳುವ ಭಾರ ಒಂದು ಟನ್ನಿನ ಆಸುಪಾಸು. ಇನ್ನೊಂದು, ಯೋಸ್ಟ್, ಸಾಫ್-ಹಾಲೆಂಡ್‌ನಂಥ ತಯಾರಕರು ಭಾರೀ ಲಾರಿಗಳಿಗೆಂದೇ ಫಿಫ್ತ್ ವೀಲ್‌ನ ಮೇಲ್ಮೈಗೆ ಬೋಲ್ಟಿನಿಂದ ಬಿಗಿಯುವಂತೆ ಮಾಡಿದ ಹಾಳೆ.

ಮೊದಲನೆಯದನ್ನು ಸಿಮೆಂಟ್, ಸಲಾಖೆ ಹೊರುವ ಟ್ರೇಲರ್‌ಗೆ ತೊಡಿಸಿದರೆ ಏನಾಗುತ್ತದೆ? ಹತ್ತು ಇಂಚಿನ ತಟ್ಟೆಯಲ್ಲಿ ಪಿನ್ನಿನ ತೂತು ಕಳೆದರೆ ಉಳಿಯುವುದು ಸುಮಾರು 450 ಚದರ ಸೆಂಟಿಮೀಟರ್. ಹತ್ತು ಟನ್ ಅದರ ಮೇಲೆ ಕೂತರೆ ಚದರ ಸೆಂಟಿಮೀಟರಿಗೆ 22 ಕಿಲೋ ಒತ್ತಡ. ಕೆಳಗಿನ ಉಕ್ಕಿನಲ್ಲಿ ಸೀಳು ಇರುವ ಕಡೆ ತಟ್ಟೆಗೆ ಆಧಾರವೇ ಇಲ್ಲವಾದ್ದರಿಂದ ಉಳಿದ ಭಾಗಕ್ಕೆ ಇನ್ನೂ ಹೆಚ್ಚು. ನಿಂತಲ್ಲಿ ಪ್ಲಾಸ್ಟಿಕ್ ಅದನ್ನು ತಾಳಿಕೊಳ್ಳುತ್ತದೆ. ಓಡುವಾಗ ಗುಂಡಿಗೆ ಒಂದು ಬದಿ ಇಳಿದರೆ ಟ್ರೇಲರ್ ವಾಲುವುದನ್ನು ತಡೆಯುತ್ತಿದ್ದುದು ಫಿಫ್ತ್ ವೀಲ್‌ನ ಪೂರ್ಣ ಅಗಲ, ಸುಮಾರು ಮೂರು ಅಡಿ. ಈಗ ಅದು ನಿಂತಿರುವುದು ನಡುವಿನ ಒಂದು ಬಿಲ್ಲೆಯ ಮೇಲೆ. ಭಾರವೆಲ್ಲ ಬಿಲ್ಲೆಯ ಅಂಚಿಗೆ ಬರುತ್ತದೆ. ಹೀಗೆ ದಣಿದ ತಟ್ಟೆಯನ್ನು ಬಿಚ್ಚಿ ನೋಡಿದರೆ ಅಂಚು ತುಟಿಯ ಹಾಗೆ ಹೊರಕ್ಕೆ ಮಡಿಚಿಕೊಂಡಿರುತ್ತದೆ, ಮೈಯಲ್ಲಿ ಕೆಂಪು ಹರಳುಗಳು ನಾಟಿಕೊಂಡಿರುತ್ತವೆ, ಪಿನ್ನಿನ ತೂತಿನಿಂದ ಕೂದಲೆಳೆಯ ಬಿರುಕು ಹೊರಟಿರುತ್ತದೆ.

ಇದಕ್ಕಿಂತಲೂ ನನ್ನನ್ನು ಕಾಡುವುದು ಬೇರೆ. ಟ್ರೇಲರ್ ಕಟ್ಟಿದ ಮೇಲೆ ಒಳ್ಳೆಯ ಡ್ರೈವರ್ ಕೆಳಗಿಳಿದು, ಬಗ್ಗಿ, ಬ್ಯಾಟರಿ ಬಿಟ್ಟು ಎರಡು ಸಂಗತಿ ನೋಡುತ್ತಾನೆ: ದವಡೆ ಪಿನ್ನಿನ ಹಿಂದೆ ಪೂರ್ತಿ ಮುಚ್ಚಿದೆಯೇ, ಟ್ರೇಲರ್‌ನ ತಳಕ್ಕೂ ಫಿಫ್ತ್ ವೀಲಿಗೂ ನಡುವೆ ಸಂದು ಉಳಿದಿದೆಯೇ. ಸಂದಿನಲ್ಲಿ ಬೆಳಕು ಕಂಡರೆ ಪಿನ್ನು ಮೇಲೆ ಕೂತಿದೆ, ಲಾಕ್ ಆದಂತೆ ತೋರಿದರೂ ಆಗಿಲ್ಲ ಎಂದರ್ಥ. ಐದು ಮಿಲಿಮೀಟರಿನ ದುಂಡು ತಟ್ಟೆ ಹಾಕಿದ ಗಾಡಿಯಲ್ಲಿ ಬಿಲ್ಲೆಯ ಸುತ್ತ ಸಂದು ಯಾವಾಗಲೂ ಇರುತ್ತದೆ. ಸರಿಯಾಗಿ ಕೂತಾಗಲೂ ಬೆಳಕು, ತಪ್ಪಿದಾಗಲೂ ಬೆಳಕು. ವರ್ಷಗಟ್ಟಲೆ ಅನುಭವದಿಂದ ಬಂದ ಒಂದು ಪರೀಕ್ಷೆ ಅಲ್ಲಿಗೆ ಹಾಳಾಯಿತು. ಜೊತೆಗೆ ತಟ್ಟೆಯ ದಪ್ಪದಷ್ಟು ಪಿನ್ನು ಮೇಲೇರುತ್ತದೆ. ಎರಡಿಂಚಿನ ಪಿನ್ನು ಟ್ರೇಲರ್‌ನ ತಳದಿಂದ ಇಳಿಯುವುದೇ 84 ಮಿಲಿಮೀಟರ್; ದವಡೆ ಹಿಡಿಯಬೇಕಾದ ಕುತ್ತಿಗೆ ಅದರಲ್ಲೊಂದು ಭಾಗ ಮಾತ್ರ. ಐದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಡೆಯುವ ಕೊಂಡಿಗಳಿವೆ, ನಡೆಯದವೂ ಇವೆ. ಕೊಂಡಿ ಮಾಡಿದವರು ಒಪ್ಪಿದ್ದಾರೆಯೇ ಎಂದು ಕೇಳದೆ ತಟ್ಟೆ ತೊಡಿಸುವುದು ಜೂಜು.

ಬೋಲ್ಟಿನ ಹಾಳೆಗೆ ಈ ದೋಷಗಳಿಲ್ಲ. ಅಗಲ ಪೂರ್ತಿ ಸಿಗುತ್ತದೆ, ಎತ್ತರವನ್ನು ತಯಾರಕರೇ ಲೆಕ್ಕ ಹಾಕಿರುತ್ತಾರೆ. ಒಂದೇ ಹಾರ್ಸ್, ಒಂದೇ ಟ್ರೇಲರ್ ಜೋಡಿಯಾಗಿ ವರ್ಷವಿಡೀ ಓಡುವ ಮಾಲೀಕರಿಗೆ ಅದನ್ನು ಧೈರ್ಯವಾಗಿ ಹೇಳಬಲ್ಲೆ. ದಿನಕ್ಕೊಂದು ಟ್ರೇಲರ್ ಬದಲಾಗುವ ಕಡೆ ಅಷ್ಟು ಧೈರ್ಯ ಸಾಲದು: ತುಕ್ಕು ಹಿಡಿದ, ವೆಲ್ಡಿಂಗಿನ ಗಂಟು ಉಳಿದ ಒಂದು ಟ್ರೇಲರ್‌ನ ತಳ ಬಂದು ಕೂತರೆ ಹಾಳೆ ಅದೇ ದಿನ ಗೀರಿಹೋಗುತ್ತದೆ.

ಕಬ್ಬಿನ ಟ್ರಾಲಿಗಳ ಮಾತನ್ನೂ ಆಡಬೇಕು. ನಮ್ಮ ಜಿಲ್ಲೆಯಲ್ಲಿ ತಿರುಗುವ ಕೊಂಡಿಗಳಲ್ಲಿ ಸಂಖ್ಯೆಗೆ ಹೆಚ್ಚು ಕಾಣುವವು ಅವೇ. ಹಂಗಾಮು ಶುರುವಾದರೆ ಭಾಲ್ಕಿ ತಾಲ್ಲೂಕಿನ ಹುಣಜಿಯ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆಗೆ ಒಂದು ಟ್ರ್ಯಾಕ್ಟರ್ ಎರಡು ಟ್ರಾಲಿ ಎಳೆದುಕೊಂಡು ಸಾಗುತ್ತದೆ. ನಾಲ್ಕು ಚಕ್ರದ ಟ್ರಾಲಿಯ ಮುಂದಿನ ಆಕ್ಸಲ್ ತಿರುಗುವುದು ಟರ್ನ್‌ಟೇಬಲ್ ಮೇಲೆ. ಅದರೊಳಗೆ ಗುಂಡುಗಳ ಸಾಲಿದ್ದರೆ ಪ್ಲಾಸ್ಟಿಕ್ ಹಾಳೆಗೆ ಅಲ್ಲಿ ಜಾಗವಿಲ್ಲ. ನಿಪ್ಪಲ್‌ಗೆ ಗ್ರೀಸ್ ಗನ್ ಹಚ್ಚಿ, ಹಳೆಯದು ಹೊರಗೆ ಉಕ್ಕುವವರೆಗೆ ಒತ್ತಬೇಕು. ಹೊಲದ ಎರೆಮಣ್ಣು, ಕಬ್ಬಿನ ರವದಿ ಎರಡೂ ಮೆತ್ತಿದ ನಿಪ್ಪಲ್‌ಗಳು ಹಂಗಾಮಿನ ನಡುವೆ ಕಣ್ಣಿಗೇ ಬೀಳುವುದಿಲ್ಲ. ಗೀರಿ, ಒರೆಸಿ, ಗ್ರೀಸ್ ಒತ್ತುವುದಕ್ಕೆ ಕಾರ್ಖಾನೆಯ ಸರದಿಯಲ್ಲಿ ಕಾಯುವ ಹೊತ್ತು ಬೇಕಾದಷ್ಟಾಯಿತು.

ಮತ್ತೆ ದೊಡ್ಡ ಟ್ರೇಲರ್‌ಗೆ ಬಂದರೆ, ಯಾವ ಜಾತಿಯ ತಟ್ಟೆಯಾದರೂ ಕಾಯುವುದು ಮೇಲ್ಮೈಯನ್ನು ಮಾತ್ರ. ದವಡೆ, ಪಿನ್ನಿನ ಕುತ್ತಿಗೆ, ಲಾಕಿನ ಹಿಡಿಕೆ ಇವೆಲ್ಲ ಉಕ್ಕಿಗೆ ಉಕ್ಕೇ. ಅಲ್ಲಿಗೆ ಗ್ರೀಸ್ ಬೇಕೇ ಬೇಕು. ಗ್ರೀಸ್ ಹಚ್ಚಲು ಬಿಚ್ಚಿದಾಗ ಕ್ಲೀನರ್ ದವಡೆಯ ಸವೆತ ಕಾಣುತ್ತಿದ್ದ, ಸಡಿಲಾದ ಬೋಲ್ಟ್ ಕೈಗೆ ಸಿಗುತ್ತಿತ್ತು. ‘ಇನ್ನು ಗ್ರೀಸ್ ಬೇಡ’ ಎಂದು ಹೇಳಿ ತಟ್ಟೆ ಮಾರಿದರೆ ಆ ನೋಟವೂ ನಿಂತುಹೋಗುತ್ತದೆ. ಆದ್ದರಿಂದ ಹಾಳೆ ಹಾಕಿಸಿದ ಮಾಲೀಕರು ಟ್ರೇಲರ್ ಬಿಚ್ಚಿ ನೋಡುವ ದಿನವನ್ನು ಮೊದಲೇ ಗೊತ್ತುಮಾಡಿ, ಪಿನ್ನಿಗೆ ಅಳತೆಯ ಗೇಜ್ ಹಿಡಿಸಬೇಕು. ಹೊಸ ಎರಡಿಂಚಿನ ಪಿನ್ನಿನ ಕುತ್ತಿಗೆ 50.8 ಮಿಲಿಮೀಟರ್, ಸವೆದು 49ಕ್ಕೆ ಇಳಿದರೆ ಅದನ್ನು ತೆಗೆದುಹಾಕಬೇಕು. ಎರಡು ಮಿಲಿಮೀಟರಿಗೂ ಕಡಿಮೆ ಅಂತರ, ಬರಿಗಣ್ಣಿಗೆ ಕಾಣದು. ಮೇಲಿನ ಪ್ಲಾಸ್ಟಿಕ್ ಎಷ್ಟೇ ನುಣುಪಾಗಿದ್ದರೂ ಅದರ ಸುಳಿವು ಕೊಡದು.