ಕತ್ತಲಿಂದ ಹೆರೆದ ಬೆಳಕು

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ಭೂದೃಶ್ಯಗಳನ್ನು ಡೇವಿಡ್ ಲೂಕಸ್ ಉಕ್ಕಿನ ತಗಡಿನ ಮೇಲೆ ಮೆಜೊಟಿಂಟ್ ವಿಧಾನದಲ್ಲಿ ಕೆತ್ತಿದ. ಸಾಲುಹಲ್ಲಿನ ಉಪಕರಣವನ್ನು ತೊಟ್ಟಿಲಿನಂತೆ ತೂಗುತ್ತ ಮೊದಲು ಇಡೀ ತಗಡನ್ನು ಒರಟಾಗಿಸಬೇಕು. ಆ ಹೊತ್ತಿಗೆ ಅಚ್ಚೊತ್ತಿದರೆ ಬರುವುದು ಬರೀ ಕಡುಗಪ್ಪು. ಬೆಳಕು ಬೇಕಾದಲ್ಲೆಲ್ಲ ಆ ಒರಟನ್ನು ಹೆರೆದು ನುಣುಪಾಗಿಸುತ್ತ ಹೋಗಬೇಕು. ಬಿಳಿ ಹಾಳೆಗೆ ಮಬ್ಬು ತುಂಬುವುದಕ್ಕೂ ಕತ್ತಲಿನೊಳಗಿಂದ ಬೆಳಗನ್ನು ಬಿಡಿಸಿ ತೆಗೆಯುವುದಕ್ಕೂ ಬಹಳ ಅಂತರವಿದೆ. ‘ಓಲ್ಡ್ ಸೇರಮ್’ ಫಲಕದಲ್ಲಿ ಜನ ತೊರೆದ ಹಳೆಯ ಊರಿನ ದಿಬ್ಬವೂ ಮೇಲೆ ಕವಿದ ಮೋಡವೂ ಒಂದೇ ಕಪ್ಪಿನಿಂದ ಎದ್ದಿವೆ. ಆ ನೋಟದ ವಿಷಾದ ತಗಡಿನ ಗುಣದಲ್ಲೇ ಇದೆ.

ಬಣ್ಣವಿಲ್ಲದ ನಕಲಿಗೆ ಇಷ್ಟು ಬೆಲೆಯೇ ಎಂದು ಕೇಳಬಹುದು. ಕಾನ್‌ಸ್ಟೆಬಲ್ ಅದನ್ನು ನಕಲೆಂದು ಬಗೆದಿರಲಿಲ್ಲ. ಪ್ರಕೃತಿಯ ನೆಳಲುಬೆಳಕಿನ ಆಟವನ್ನು ತೋರಿಸುವುದೇ ಈ ಫಲಕಗಳ ಸರಣಿಯ ಗುರಿ ಎಂದು ಸಾರಿದ್ದ, ಕರಡು ಅಚ್ಚುಗಳನ್ನು ಪಟ್ಟುಬಿಡದೆ ತಿದ್ದಿದ. ನಿಸರ್ಗಕ್ಕೆ ಮನುಷ್ಯನ ದುಗುಡ ಅಂಟಿಸಿದನೆಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್‌ನ ಮೋಡಗಳನ್ನು ಬರೆದಾಗ ಅವನು ಹಲವು ಚಿತ್ರಗಳ ಹಿಂದೆ ದಿನ, ಹೊತ್ತು, ಗಾಳಿಯನ್ನು ಗುರುತಿಸಿಟ್ಟ. ಅವನ ಭಾವಕ್ಕೆ ಆಧಾರ ಆ ನಿಗಾ. 1830ರಿಂದ 1832ರವರೆಗೆ ಹೊರಬಂದ ಈ ಸರಣಿಯ 22 ಫಲಕಗಳು ಮಾರಾಟದಲ್ಲಿ ಸೋತವು. ಅವುಗಳ ಆಕಾಶ ಮಾತ್ರ ಈಗಲೂ ಮಳೆಯಿಂದ ತುಂಬಿ ತೂಗುತ್ತಿದೆ.